ಬಳಸುವ ಮುನ್ನ ಓದಿ: ಒಮೊಯಿದೆ ಯೊಕೊಚೊ

ಮಿಕ್ಸಿ ಕೊಂಡಾಗ ಪೆಟ್ಟಿಗೆಯೊಳಗೆ ಬರುವ ಪುಸ್ತಕವನ್ನು ಯಾರೂ ಓದುವುದಿಲ್ಲ. ಸುಟ್ಟ ವಾಸನೆ ಬಂದ ಮೇಲೆ ಹುಡುಕುತ್ತಾರೆ. ಈ ಕೈಪಿಡಿಯ ಹಣೆಬರಹವೂ ಅದೇ ಎಂದು ಗೊತ್ತಿದ್ದೇ ಬರೆಯಲಾಗಿದೆ. ವ್ಯತ್ಯಾಸ ಒಂದೇ: ಇಲ್ಲಿ ಸುಟ್ಟ ವಾಸನೆ ಬಂದರೆ ಗಾಬರಿ ಬೇಡ, ಸರಿಯಾದ ಜಾಗಕ್ಕೇ ಬಂದಿದ್ದೀರಿ.

ಉತ್ಪನ್ನದ ವಿವರ

ಟೋಕಿಯೋದ ಶಿಂಜುಕು ರೈಲು ನಿಲ್ದಾಣದ ಪಶ್ಚಿಮಕ್ಕೆ, ಹಳಿಗಳಿಗೆ ಬೆನ್ನು ಆನಿಸಿಕೊಂಡು ಕೂತ ಒಂದು ತುಂಡು ಪೇಟೆ. ಹೆಸರು ಒಮೊಯಿದೆ ಯೊಕೊಚೊ, ಅಂದರೆ ನೆನಪಿನ ಗಲ್ಲಿ. ನಡುವಿನ ಓಣಿಯಲ್ಲಿ ಎದುರಿಗೆ ಯಾರಾದರೂ ಬಂದರೆ ಇಬ್ಬರಲ್ಲೊಬ್ಬರು ಹೆಗಲು ಓರೆ ಮಾಡಲೇಬೇಕು. ಎರಡೂ ಕಡೆ ಕೆಂಪು ಲಾಂದ್ರಗಳು, ಬಾಗಿಲಿನ ಮೇಲರ್ಧಕ್ಕೆ ಇಳಿಬಿಟ್ಟ ಬಟ್ಟೆ, ಒಳಗೆ ಕೆಂಡದ ಒಲೆ, ಒಲೆಯ ಸುತ್ತ ಹಲಗೆ, ಹಲಗೆಯ ಮುಂದೆ ಎಂಟೋ ಹತ್ತೋ ಸ್ಟೂಲು. ಇಂಥ ಪುಟ್ಟ ಅಂಗಡಿಗಳು 60ಕ್ಕೂ ಮೇಲೆ. ತಲೆಯೆತ್ತಿದರೆ ತಂತಿಗಳ ಸಿಕ್ಕು, ಅದರಾಚೆ ಗಾಜಿನ ಗೋಡೆಗಳು. ನಡೆದು ಹೋಗುವಷ್ಟು ದೂರದಲ್ಲಿ 243 ಮೀಟರ್ ಎತ್ತರದ ಮಹಾನಗರ ಸರ್ಕಾರದ ಜೋಡಿ ಗೋಪುರ. ನಿಲ್ದಾಣಕ್ಕೆ ಅಂಟಿಕೊಂಡಿದ್ದ ಒಡಾಕ್ಯು ಡಿಪಾರ್ಟ್‌ಮೆಂಟ್ ಸ್ಟೋರು 2022ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಸುಮಾರು 260 ಮೀಟರಿನ ಗೋಪುರವೊಂದು ಏಳಲಿದೆ. ಇಷ್ಟು ಎತ್ತರದವರ ಕಾಲಬುಡದಲ್ಲಿ ಈ ಗಲ್ಲಿ ಎರಡೇ ಅಂತಸ್ತಿಗೆ ನಿಂತುಬಿಟ್ಟಿದೆ. ಆ ಎರಡನೆಯದಕ್ಕೆ ಹತ್ತುವ ಮೆಟ್ಟಿಲೂ ಏಣಿಗಿಂತ ಒಂದು ಹೆಜ್ಜೆ ಮಾತ್ರ ಸುಧಾರಿಸಿದೆ.

ಉದ್ದೇಶಿತ ಉಪಯೋಗ: ಹಸಿವು, ಬಾಯಾರಿಕೆ, ಕೆಲಸ ಮುಗಿದ ಮೇಲೂ ತಕ್ಷಣ ಮನೆಗೆ ಹೋಗಲು ಮನಸ್ಸಾಗದಿರುವುದು. 'ಹಳೆಯ ಜಪಾನಿನ ಅನುಭವ' ಎಂಬ ನಾಲ್ಕನೆಯ ಉಪಯೋಗ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಒಳಗಿನ ಯಂತ್ರಕ್ಕೆ ಅದರ ಸುಳಿವೇ ಇಲ್ಲ.

ಅಳವಡಿಕೆ

ಅತ್ಯಂತ ಕಷ್ಟದ ಹಂತ ಇದು. ಶಿಂಜುಕು ಜಗತ್ತಿನ ಅತಿ ಗಿಜಿಗುಡುವ ರೈಲು ನಿಲ್ದಾಣವೆಂದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಗಿದೆ. ಕೋವಿಡ್‌ಗೆ ಮುಂಚಿನ ಲೆಕ್ಕದಲ್ಲಿ ದಿನಕ್ಕೆ ಸುಮಾರು 35 ಲಕ್ಷ ಜನ. ಹೊರಬೀಳುವ ದಾರಿಗಳು 200ಕ್ಕೂ ಹೆಚ್ಚು. ಅಷ್ಟರಲ್ಲಿ ಒಂದೆರಡು ಮಾತ್ರ ನಿಮಗೆ ಬೇಕಾದದ್ದು. ಪಶ್ಚಿಮ ದ್ವಾರ ಎಂಬ ಫಲಕ ಕಂಡೊಡನೆ ಅದರ ಬೆನ್ನು ಹತ್ತಿ. ಸ್ವಲ್ಪ ದೂರ ಹೋದ ಮೇಲೆ ಫಲಕ ಮಾಯವಾಗಿ ನೀವೊಂದು ಅಂಗಡಿಯ ಕೈಚೀಲದ ವಿಭಾಗದಲ್ಲಿರುತ್ತೀರಿ. ಇದು ಉತ್ಪನ್ನದ ದೋಷವಲ್ಲ. ಖಾಸಗಿ ರೈಲು ಕಂಪನಿಗಳೇ ನಿಲ್ದಾಣದ ಮೇಲೆ ಡಿಪಾರ್ಟ್‌ಮೆಂಟ್ ಸ್ಟೋರು ಕಟ್ಟಿಕೊಂಡು ಬೆಳೆದದ್ದು ಜಪಾನಿನ ಪದ್ಧತಿ. ಪ್ರಯಾಣಿಕ ದಾರಿ ತಪ್ಪಿದರೆ ಅವರಿಗೇನೂ ನಷ್ಟವಿಲ್ಲ.

ಪೂರ್ವ ಬದಿಗೆ ಹೊರಬಿದ್ದಿರಾದರೆ ಎದೆಗುಂದಬೇಡಿ. 2020ರ ಜುಲೈಯಿಂದ ಟಿಕೆಟ್ ಇಲ್ಲದೆ ಪೂರ್ವ-ಪಶ್ಚಿಮ ದಾಟುವ ಅಗಲವಾದ ಹಾದಿಯಾಗಿದೆ. ಅದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ: ಹಳಿಗಳ ಕೆಳಗೆ ನುಗ್ಗುವ ಹಳೆಯ, ತಗ್ಗಿನ ಕಾಲುದಾರಿ. ತಲೆಯ ಮೇಲೆ ರೈಲು ಗುಡುಗುತ್ತಿರುವಾಗ ನಡೆದರೆ ಗಲ್ಲಿಯ ಬಾಯಲ್ಲೇ ತೇಲುತ್ತೀರಿ. ಮೂಗನ್ನು ನಂಬಿ. ಮೊಬೈಲಿನ ನೀಲಿ ಚುಕ್ಕೆ ಇಲ್ಲಿ ನೆಲಮಾಳಿಗೆ ಯಾವುದು ನೆಲ ಯಾವುದು ಎಂದು ತಿಳಿಯದೆ ಸುತ್ತು ಹೊಡೆಯುತ್ತಿರುತ್ತದೆ.

ಚಕ್ರದ ಸೂಟ್‌ಕೇಸನ್ನು ನಿಲ್ದಾಣದ ಲಾಕರಿನಲ್ಲಿ ಬಿಟ್ಟು ಬನ್ನಿ. ಅದು ಒಳಗೆ ಬಂದರೆ ನೀವು ಬರಲಾಗುವುದಿಲ್ಲ.

ಸುರಕ್ಷತಾ ಮಾಹಿತಿ, ಅಥವಾ ಹಿಂದಿನ ಕತೆ

ಅವಸರದವರು ಈ ಭಾಗವನ್ನು ಹಾರಿಸಬಹುದು. ಆದರೆ ತಟ್ಟೆಗೆ ಬಂದದ್ದೇನು, ಯಾಕೆ ಬಂತು ಎಂಬುದೆಲ್ಲ ಇದರಲ್ಲೇ ಇದೆ.

1945ರ ಆಗಸ್ಟ್ 15ಕ್ಕೆ ಜಪಾನ್ ಶರಣಾಯಿತು. ಟೋಕಿಯೋದ ಬಹುಭಾಗ ಬಾಂಬಿನ ಬೆಂಕಿಗೆ ಬೂದಿಯಾಗಿತ್ತು. ಐದೇ ದಿನಕ್ಕೆ, ಆಗಸ್ಟ್ 20ರಂದು, ಶಿಂಜುಕು ನಿಲ್ದಾಣದ ಪೂರ್ವಕ್ಕೆ ಓಜು ಎಂಬ ತಂಡ ಬಯಲು ಮಾರುಕಟ್ಟೆ ತೆರೆದು, ಬಲ್ಬು ತೂಗುಹಾಕಿ, ಬೆಳಕು ಶಿಂಜುಕುವಿನಿಂದ ಎಂದು ಸಾರಿತು. ಸರ್ಕಾರ ಇನ್ನೂ ಕಣ್ಣುಜ್ಜಿಕೊಳ್ಳುತ್ತಿತ್ತು. ಪಶ್ಚಿಮದ ಬದಿ ಯಾಸುದಾ ತಂಡದ ಹಿಡಿತಕ್ಕೆ ಬಂತು. ಹಲಗೆ ಅಡ್ಡ ಇಟ್ಟು ಜಾಗ ಹಂಚಿಕೊಂಡ ಸಾಲು ಅಂಗಡಿಗಳಲ್ಲಿ ಪಾತ್ರೆ, ಸೋಪು, ಹಳೆ ಬಟ್ಟೆ, ಬೇಯಿಸಿದ ಆಲೂಗೆಡ್ಡೆ. ನಮ್ಮ ಗಲ್ಲಿಯ ಹುಟ್ಟು ಇದೇ. ಇಂಥ ಕಾಳಸಂತೆ ರೈಲು ನಿಲ್ದಾಣದ ಮುಂದೆಯೇ ಹುಟ್ಟಿದ್ದಕ್ಕೂ ಕಾರಣವಿದೆ: ಹಳ್ಳಿಯಿಂದ ಅಕ್ಕಿ, ಗೆಣಸು ಬೆನ್ನಮೇಲೆ ಹೊತ್ತು ಬರುವವರು ರೈಲಿನಲ್ಲೇ ಬರಬೇಕಿತ್ತು.

ಕಾಳಸಂತೆ ಎಂದೊಡನೆ ನಾವು ಕಳ್ಳರನ್ನು ಊಹಿಸುತ್ತೇವೆ. ಟೋಕಿಯೋದ ನ್ಯಾಯಾಧೀಶ ಯಾಮಾಗುಚಿ ಯೊಶಿತಾದಾ ಅವರ ಕತೆ ಕೇಳಿದ ಮೇಲೆ ಹಾಗೆ ಊಹಿಸುವುದು ಕಷ್ಟ. ಕಾಳಸಂತೆಯಲ್ಲಿ ಕೊಂಡು ಸಿಕ್ಕಿಬಿದ್ದವರ ವಿಚಾರಣೆ ನಡೆಸುವುದು ಅವರ ಕೆಲಸ. ಅಂಥವರಿಗೆ ಶಿಕ್ಷೆ ಕೊಡುವ ತಾನು ಅದೇ ಸಂತೆಯ ಅನ್ನ ಉಣ್ಣುವುದು ಹೇಗೆಂದು ಪಡಿತರದಲ್ಲಿ ಬಂದಷ್ಟರಲ್ಲೇ ಬದುಕಲು ನೋಡಿದರು, ಅದರಲ್ಲೂ ಹೆಚ್ಚಿನದನ್ನು ಮಕ್ಕಳಿಗೆ ಬಿಟ್ಟರು. 1947ರ ಅಕ್ಟೋಬರಿನಲ್ಲಿ, 33ನೇ ವಯಸ್ಸಿಗೆ, ಹೊಟ್ಟೆಗಿಲ್ಲದೆ ತೀರಿಕೊಂಡರು. ಕಾನೂನನ್ನು ಅಕ್ಷರಶಃ ಪಾಲಿಸಿದರೆ ಏನಾಗುತ್ತದೆಂದು ಊರಿಗೆಲ್ಲ ಗೊತ್ತಾಯಿತು. ಉಳಿದವರು ಗಲ್ಲಿಗೆ ಬಂದು ಉಂಡರು.

ಉಣ್ಣಲು ಇದ್ದದ್ದೇನು? ಅಕ್ಕಿ ಸರ್ಕಾರದ ಕೈಯಲ್ಲಿ. ಗೋಧಿಯ ಮೇಲೂ ಬಿಗಿ ಬಂದಾಗ ಉದೋನ್ ಶಾವಿಗೆಯೂ ಕಷ್ಟವಾಯಿತು. ನಿಯಂತ್ರಣದ ಪಟ್ಟಿಯಲ್ಲಿ ಇಲ್ಲದ್ದು ದನ, ಹಂದಿಗಳ ಒಳಭಾಗ. ಅಮೆರಿಕನ್ ಸೈನ್ಯದವರು ಮಾಂಸ ತಿಂದು ಕರುಳು, ಗುಂಡಿಗೆ, ಲಿವರ್ ಬಿಡುತ್ತಿದ್ದರು. ಗಲ್ಲಿಯವರು ಅದನ್ನು ತಂದು, ತೊಳೆದು, ಕಡ್ಡಿಗೆ ಚುಚ್ಚಿ ಕೆಂಡದ ಮೇಲಿಟ್ಟರು. ಮೊತ್ಸುಯಾಕಿ ಎಂಬ ಇಂದಿನ 'ವಿಶೇಷ ತಿನಿಸು' ಈ ಗಲ್ಲಿಯಲ್ಲಿ ನೆಲೆಯೂರಿದ್ದು ಹೀಗೆ. ಮಂಡ್ಯ, ಮೈಸೂರು, ಬೆಂಗಳೂರಿನ ಮಿಲಿಟರಿ ಹೋಟೆಲುಗಳಲ್ಲಿ ಬೋಟಿ ಗೊಜ್ಜು ಉಂಡು ಬೆಳೆದ ಕನ್ನಡಿಗನಿಗೆ ಈ ಭಾಗದ ವಿವರಣೆ ಬೇಕಿಲ್ಲ. ಯುರೋಪಿನ ಪ್ರವಾಸಿಗರು ಹುಬ್ಬೇರಿಸಿ ಫೋಟೊ ತೆಗೆಯುವುದನ್ನು ಅವನು ಕನಿಕರದಿಂದ ನೋಡಬಹುದು.

ಕುಡಿಯಲು ಇದ್ದದ್ದು ಕಾಸುತೊರಿ ಎಂಬ ಅಗ್ಗದ ಸಾರಾಯಿ. ಅದೂ ಎಟುಕದವರಿಗೆ 'ಬಾಂಬು' ಎಂಬ ಅಡ್ಡಹೆಸರಿನ ಕಳ್ಳಬಟ್ಟಿ, ಅಂದರೆ ಇಂಧನದ ಆಲ್ಕೋಹಾಲಿಗೆ ನೀರು ಬೆರೆಸಿದ್ದು. ಕುಡಿದ ಕೆಲವರ ಕಣ್ಣು ಹೋಯಿತು, ಕೆಲವರ ಜೀವವೇ ಹೋಯಿತು. ಇನ್ನೊಂದು ಕೊರತೆ ಶೌಚಾಲಯ. ಅದು ಇರಲಿಲ್ಲ. ಹಾಗಾಗಿ ಜನ ಈ ಜಾಗಕ್ಕೆ ಇಟ್ಟ ಹೆಸರು ಉಚ್ಚೆಗಲ್ಲಿ. ಹಳಬರು ಈಗಲೂ ಪ್ರೀತಿಯಿಂದ ಹಾಗೇ ಕರೆಯುತ್ತಾರೆ. ಈಗ ಗಲ್ಲಿಗೆಲ್ಲ ಸೇರಿ ಸಾರ್ವಜನಿಕ ಶೌಚಾಲಯವಿದೆ. ಸಾಲು ನೋಡಿ ಅಂದಾಜು ಮಾಡಿ, ಮುಂಚಿತವಾಗಿ ಏಳಿ.

1960ರ ಆಸುಪಾಸಿನಲ್ಲಿ ಸುರಂಗ ರೈಲು, ನಿಲ್ದಾಣದ ಕಟ್ಟಡ ಎಂದು ಮಾರುಕಟ್ಟೆಯ ದೊಡ್ಡ ಭಾಗವನ್ನು ಎಬ್ಬಿಸಿದರು. ಉಳಿದ ಚೂರೇ ನಿಮ್ಮೆದುರು ಇರುವುದು. 1999ರ ನವೆಂಬರಿನಲ್ಲಿ ಬೆಂಕಿ ಬಿದ್ದು ಅದರಲ್ಲೂ ಒಂದು ಪಾಲು ಹೋಯಿತು, ಮತ್ತೆ ಕಟ್ಟಿದರು. ಯುದ್ಧಕಾಲದ ಮಸಿ ಎಂದು ನೀವು ಭಾವುಕರಾಗಿ ಮುಟ್ಟಿದ ಗೋಡೆ ನಿಮ್ಮ ತಮ್ಮನಿಗಿಂತ ಚಿಕ್ಕದಿರಬಹುದು. ಮಸಿ ಮಾತ್ರ ಅಸಲಿ; ನಿನ್ನೆ ರಾತ್ರಿಯದು.

ಬಳಕೆದಾರರ ಗರಿಷ್ಠ ಸಂಖ್ಯೆ

ಇಬ್ಬರು. ಮೂವರಾದರೆ ಒಬ್ಬರು ಕಾಯಬೇಕು. ಆರು ಜನರಾದರೆ ಅಂಗಡಿಯವರು ಎರಡು ಕೈಯನ್ನು ಎದೆಯ ಮುಂದೆ ಅಡ್ಡ ಹಿಡಿದು ತೋರಿಸುತ್ತಾರೆ. ಅದು ನಮಸ್ಕಾರವಲ್ಲ.

ಕಂಪನಿಯ ಕೆಲಸಕ್ಕೆಂದು ಬೆಂಗಳೂರಿನಿಂದ ತಂಡವಾಗಿ ಬಂದವರಿಗೆ ಪ್ರತ್ಯೇಕ ಸೂಚನೆ: ಐದು ಜನರಲ್ಲಿ ಒಬ್ಬರು ಶುದ್ಧ ಸಸ್ಯಾಹಾರಿ, ಒಬ್ಬರು ಶನಿವಾರ ಮುಟ್ಟದವರು, ಒಬ್ಬರು ಮೊಟ್ಟೆಗೆ ನಿಂತವರು, ಒಬ್ಬರು ಹಂದಿ-ದನ ಬಿಟ್ಟು ಏನಾದರೂ ಆದೀತೆನ್ನುವವರು, ಒಬ್ಬರು ಹೆಂಡತಿಗೆ ಹೇಳಬೇಡಿ ಎಂದು ಎಲ್ಲವನ್ನೂ ತಿನ್ನುವವರು ಇರುತ್ತಾರೆ. ಈ ವರ್ಗೀಕರಣವನ್ನು ಕೆಂಡದ ಮುಂದೆ ಬೆವರುತ್ತಿರುವ ಮನುಷ್ಯನಿಗೆ ಮೊಬೈಲಿನ ಅನುವಾದದ ಆ್ಯಪಿನಲ್ಲಿ ತಿಳಿಸಲು ಹೋಗಬೇಡಿ. ಹಿಂದಿನ ಸಾಲು ಹಳಿಯವರೆಗೆ ಬೆಳೆಯುತ್ತದೆ.

ಚಾಲನೆ

ಬಟ್ಟೆಯನ್ನು ಕೈಯಿಂದ ಸರಿಸಿ ಒಳಗೆ ತಲೆ ಹಾಕಿ. ಎಷ್ಟು ಜನ ಎಂದು ಬೆರಳಲ್ಲಿ ತೋರಿಸಿ. ಅವರು ತೋರಿಸಿದ ಸ್ಟೂಲಿನಲ್ಲಿ ಕೂರಿ. ಆ ಮೂಲೆಯದು ಚೆನ್ನಾಗಿದೆ ಎಂಬ ಅಭಿಪ್ರಾಯವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಬಿಸಿ ಟವೆಲ್ಲು ಬರುತ್ತದೆ. ಕೈಗೆ. ಪಕ್ಕದ ಹಿರಿಯರು ಮುಖ, ಕತ್ತು ಎಲ್ಲ ಒರೆಸಿಕೊಂಡರೂ ನೀವು ಕೈಗೇ ನಿಲ್ಲಿಸಿ; ಅದು ವಯಸ್ಸಿನಿಂದ ಬರುವ ಹಕ್ಕು.

ನೀವು ಕೇಳದೇ ಒಂದು ಪುಟ್ಟ ಬಟ್ಟಲು ಬರುತ್ತದೆ. ಉಪ್ಪಿನಕಾಯಿಯೋ, ಬೇಯಿಸಿದ ಬೇರೋ, ಏನೋ ಎರಡು ತುತ್ತು. ಹೆಸರು ಓತೋಶಿ. ಇದು ಉಚಿತವಲ್ಲ, ತಪ್ಪಿ ಬಂದದ್ದೂ ಅಲ್ಲ. ಕೂತ ಜಾಗಕ್ಕೆ ಬಾಡಿಗೆ, ಸಾಮಾನ್ಯವಾಗಿ 300ರಿಂದ 500 ಯೆನ್. ಇದನ್ನು ಮೋಸವೆಂದು ಕೂಗಾಡುವ ಪ್ರವಾಸಿಗರಿದ್ದಾರೆ. ನನ್ನ ಮಟ್ಟಿಗೆ ಇದು ಊಟದ ಲೋಕದ ಅತ್ಯಂತ ಪ್ರಾಮಾಣಿಕ ಬಾಡಿಗೆ: ಕೊಟ್ಟ ದುಡ್ಡಿಗೆ ನಾಲಿಗೆಗೆ ಏನಾದರೂ ಹತ್ತುತ್ತದೆ. ಟಿಪ್ಸ್ ಕೊಡುವ ಪದ್ಧತಿ ದೇಶದಲ್ಲೇ ಇಲ್ಲ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮೊದಲು ಪಾನೀಯ ಹೇಳಬೇಕು, ತಲೆಗೊಂದರಂತೆ. ಯೋಚಿಸಲು ಸಮಯ ಬೇಕಾದವರಿಗೆ ಜಪಾನಿಯರು ಒಂದು ಮಂತ್ರ ಮಾಡಿಟ್ಟಿದ್ದಾರೆ: ತೊರಿಯಾಯೆಜು ಬೀರು, ಸದ್ಯಕ್ಕೆ ಬಿಯರ್ ಇರಲಿ. ಆಮೇಲೆ ಕಡ್ಡಿಗಳು. ನೆಗಿಮಾ ಎಂದರೆ ಕೋಳಿಯ ನಡುವೆ ಈರುಳ್ಳಿಕಾಂಡದ ತುಂಡು. ಅಳುಕುವವರು ಇಲ್ಲಿಂದ ಶುರು ಮಾಡಬಹುದು. ತ್ಸುಕುನೆ ಎಂದರೆ ಕೈಮಾ ಉಂಡೆ, ಕಾವಾ ಚರ್ಮ, ಹಾತ್ಸು ಗುಂಡಿಗೆ, ತಾನ್ ನಾಲಿಗೆ, ಕಾಶಿರಾ ಹಂದಿಯ ಕೆನ್ನೆಯ ಮಾಂಸ, ಶಿರೊ ಕರುಳು. ಕೋಳಿಯ ಬಾಲದ ತುದಿಗೆ ಬೊನ್‌ಜಿರಿ, ಬರೀ ಕೊಬ್ಬು, ವೈದ್ಯರಿಗೆ ಹೇಳುವಂಥದ್ದಲ್ಲ. ಹಾವುಮೀನಿನ ತಲೆ, ಲಿವರ್, ರೆಕ್ಕೆ ಸುಡುವ ಹಳೆಯ ಅಂಗಡಿಯೂ ಗಲ್ಲಿಯಲ್ಲಿದೆ. ಒಳ್ಳೆಯ ಭಾಗ ಬೇರೆಲ್ಲೋ ದುಬಾರಿ ಹೋಟೆಲಿಗೆ ಹೋಯಿತು, ಉಳಿದದ್ದು ಇಲ್ಲಿಗೆ ಬಂತು ಎಂಬ ಹಳೆಯ ಲೆಕ್ಕವೇ ಅದರಲ್ಲೂ ಇದೆ.

ಅವರು ಕೇಳುವ ಪ್ರಶ್ನೆ ಒಂದೇ: ಶಿಯೊನೋ, ತಾರೆಯೋ? ಉಪ್ಪೋ, ಸಿಹಿಬೆರೆತ ಸೋಯಾ ರಸವೋ? ಎಷ್ಟೋ ಅಂಗಡಿಗಳಲ್ಲಿ ಆ ರಸದ ಗಡಿಗೆಯನ್ನು ಪೂರ್ತಿ ಖಾಲಿ ಮಾಡುವುದೇ ಇಲ್ಲ, ತಳದಲ್ಲಿ ಉಳಿದದ್ದಕ್ಕೇ ಹೊಸತು ಸುರಿಯುತ್ತ ಬರುತ್ತಾರೆ. ಗುಂಡಿಗೆ, ನಾಲಿಗೆಗೆ ಉಪ್ಪು; ಲಿವರಿಗೆ ತಾರೆ. ಇದು ನಿಯಮವಲ್ಲ, ಆದರೆ ಉಲ್ಟಾ ಹೇಳಿದರೆ ಒಲೆಯ ಮುಂದಿನವರು ಒಂದು ಕ್ಷಣ ತಲೆಯೆತ್ತಿ ನೋಡುತ್ತಾರೆ. ಕಡ್ಡಿಯಿಂದ ಮಾಂಸವನ್ನು ಚಾಪ್‌ಸ್ಟಿಕ್ಕಿನಲ್ಲಿ ಎಳೆದು ತಟ್ಟೆಗೆ ಬೀಳಿಸಿ ಎಲ್ಲರೂ ಹಂಚಿಕೊಳ್ಳುವ ನಮ್ಮ ಸೌಜನ್ಯ ಇಲ್ಲಿ ಅಪರಾಧ. ಬೆಂಕಿಯ ಮೇಲೆ ಪ್ರತಿ ಕಡ್ಡಿಯನ್ನೂ ಬಗ್ಗಿ ನೋಡಿ ತಿರುಗಿಸಿದವರ ಎದುರಿಗೇ ಅದನ್ನು ಬಿಚ್ಚುತ್ತೀರಿ ಎಂಬುದು ನೆನಪಿರಲಿ. ಬಾಯಿಂದಲೇ ಎಳೆಯಿರಿ, ಖಾಲಿ ಕಡ್ಡಿಯನ್ನು ಅದಕ್ಕೆಂದು ಇಟ್ಟ ಲೋಟಕ್ಕೆ ಹಾಕಿ.

ಉಪಕೈಪಿಡಿ: ಹೊಪ್ಪಿ

ಇದು ಬೇರೆಯೇ ಯಂತ್ರ, ಬೇರೆಯೇ ಸೂಚನೆ ಬೇಕು. ಬಿಯರ್ ಬಡವರಿಗೆ ಎಟುಕದಿದ್ದ 1948ರಲ್ಲಿ ಟೋಕಿಯೋದಲ್ಲಿ ಮಾರಾಟಕ್ಕೆ ಬಂದ ಸೀಸೆ. ಬಿಯರಿನ ಬಣ್ಣ, ಬಿಯರಿನ ನೊರೆ, ಬಿಯರಿನ ಕಹಿ, ಆಲ್ಕೋಹಾಲು 0.8 ಪ್ರತಿಶತ. ಬರೀ ಅದನ್ನೇ ಕುಡಿದರೆ ಏನೂ ಆಗದು. ಶೊಚು ಎಂಬ ಭಟ್ಟಿ ಸಾರಾಯಿಗೆ ಬೆರೆಸಿದರೆ ಬಡವರ ಬಿಯರ್ ಸಿದ್ಧ.

ನೀವು ಹೊಪ್ಪಿ ಎಂದರೆ ಎರಡು ವಸ್ತು ಬರುತ್ತವೆ: ಶೊಚು ಹಾಕಿದ ದಪ್ಪ ಗಾಜಿನ ಮಗ್ಗು, ಪಕ್ಕದಲ್ಲಿ ಮುಚ್ಚಳ ತೆಗೆದ ಹೊಪ್ಪಿ ಸೀಸೆ. ಮಗ್ಗಿನೊಳಗಿನದಕ್ಕೆ ನಾಕಾ, ಒಳಗು. ಸೀಸೆಯದಕ್ಕೆ ಸೊತೊ, ಹೊರಗು. ಶಾಸ್ತ್ರೋಕ್ತ ವಿಧಾನದಲ್ಲಿ ಶೊಚು, ಹೊಪ್ಪಿ, ಮಗ್ಗು ಮೂರೂ ಮೊದಲೇ ತಣ್ಣಗಾಗಿರಬೇಕು, ಐಸು ಕೂಡದು, ಅಳತೆ ಒಂದಕ್ಕೆ ಐದು, ಮೇಲಿನಿಂದ ರಭಸವಾಗಿ ಸುರಿಯಬೇಕು, ಕಲಕಬಾರದು. ಗಲ್ಲಿಯಲ್ಲಿ ಶಾಸ್ತ್ರ ನಡೆಯುವುದಿಲ್ಲ: ಐಸು ಇರುತ್ತದೆ, ಶೊಚುವಿನ ಅಳತೆ ಒಂದಕ್ಕೆ ಐದನ್ನು ಉದಾರವಾಗಿ ಮೀರಿರುತ್ತದೆ. ಹಾಗಾಗಿ ಮಗ್ಗು ಖಾಲಿಯಾದಾಗ ಸೀಸೆಯಲ್ಲಿ ಇನ್ನೂ ಅರ್ಧ ಮಿಕ್ಕಿರುತ್ತದೆ. ನೀವು ನಾಕಾ ಎನ್ನುತ್ತೀರಿ, ಒಳಗು ಬರುತ್ತದೆ. ಈಗ ಸೀಸೆ ಮುಗಿದು ಮಗ್ಗಿನಲ್ಲಿ ಶೊಚು ಮಿಕ್ಕಿರುತ್ತದೆ. ಸೊತೊ ಎನ್ನುತ್ತೀರಿ. ಒಳಗು ಹೊರಗು ಎರಡೂ ಒಂದೇ ಹೊತ್ತಿಗೆ ಮುಗಿದ ದಾಖಲೆ ಇಲ್ಲ. ಯಂತ್ರವನ್ನು ನಿಲ್ಲಿಸುವ ಗುಂಡಿಯನ್ನು ತಯಾರಕರು ಕೊಟ್ಟಿಲ್ಲ. ಕೊನೆಯ ರೈಲೇ ಆ ಗುಂಡಿ. ಅದು ಮಧ್ಯರಾತ್ರಿ ದಾಟಿ ಸ್ವಲ್ಪ ಹೊತ್ತಿಗೆ ಹೊರಡುತ್ತದೆ. ಅದನ್ನು ತಪ್ಪಿಸಿಕೊಂಡರೆ ಬೆಳಗಿನ ನಾಲ್ಕೂವರೆಯವರೆಗೆ ನಾಕಾ, ಸೊತೊ.

ಸಸ್ಯಾಹಾರಿಗಳಿಗೆ

ಮುಚ್ಚುಮರೆ ಬೇಡ: ಈ ಉತ್ಪನ್ನವನ್ನು ನಿಮಗಾಗಿ ತಯಾರಿಸಿಲ್ಲ. ಸಾರಿನಲ್ಲಿ ಬೊನಿಟೊ ಮೀನು, ತೋಫುವಿನ ಮೇಲೆ ಬೊನಿಟೊ ಮೀನಿನ ತುರಿ, ಸೊಪ್ಪಿನ ಪಲ್ಯಕ್ಕೂ ಅದೇ ಒಗ್ಗರಣೆ. ಮಾಂಸ ಇಲ್ಲ ತಾನೆ ಎಂದು ಕೇಳಿದರೆ ಇಲ್ಲವೆಂದು ಪ್ರಾಮಾಣಿಕವಾಗಿ ಹೇಳುತ್ತಾರೆ, ಮೀನನ್ನು ಯಾರು ಮಾಂಸವೆಂದರು! ಉಪ್ಪು ನೀರಲ್ಲಿ ಬೆಂದ ಎಳೆ ಸೋಯಾ ಕಾಯಿ, ಕಡ್ಡಿಗೆ ಚುಚ್ಚಿದ ಅಣಬೆ, ಗಿಂಕೊ ಬೀಜ, ಶಿಶಿತೊ ಎಂಬ ಸಣ್ಣ ಹಸಿಮೆಣಸಿನಕಾಯಿ, ಇಷ್ಟನ್ನು ಶಿಯೊ ಎಂದು ಹೇಳಿ ತರಿಸಿಕೊಳ್ಳಬಹುದು. ಶಿಶಿತೊ ಸಪ್ಪೆ, ಎಲ್ಲೋ ಒಂದು ಮಾತ್ರ ಖಾರ ಹೊಡೆಯುತ್ತದೆ. ಜಪಾನಿಯರು ಅದನ್ನು ಜೂಜಿನ ಹಾಗೆ ಹೆದರುತ್ತ ತಿನ್ನುತ್ತಾರೆ, ಬ್ಯಾಡಗಿಯ ನಾಡಿನವರು ಆ ಒಂದಕ್ಕಾಗಿ ಉಳಿದವನ್ನೆಲ್ಲ ತಿನ್ನಬಹುದು. ಆದರೆ ಎಲ್ಲವೂ ಬೇಯುವುದು ಒಂದೇ ಜಾಲರಿಯ ಮೇಲೆ, ಪಕ್ಕದಲ್ಲೇ ಕರುಳು ಜಿನುಗುತ್ತಿರುತ್ತದೆ. ಇದನ್ನು ಸಹಿಸಲಾಗದವರು ಹೊರಗೆ ನಿಂತು ಗಲ್ಲಿಯ ಚೆಂದವನ್ನಷ್ಟೇ ನೋಡಿ ಹೋಗುವುದು ಎಲ್ಲರಿಗೂ ಕ್ಷೇಮ.

ನಿಲ್ದಾಣದ ಪೂರ್ವಕ್ಕೆ ನಕಮುರಾಯ ಎಂಬ ಹಳೆಯ ಅಂಗಡಿಯಿದೆಯಲ್ಲ, ಅಲ್ಲಿ ಭಾರತದ ಕರಿ ಸಿಗುತ್ತದಂತೆ ಎಂದು ಕೆಲವರು ಆಸೆಯಿಂದ ಓಡುತ್ತಾರೆ. ಸಿಗುವುದು ನಿಜ. ಬ್ರಿಟಿಷರಿಂದ ತಲೆಮರೆಸಿಕೊಂಡು ಬಂದ ರಾಸ್ ಬಿಹಾರಿ ಬೋಸರಿಗೆ 1915ರಲ್ಲಿ ಅಡಗುತಾಣವಾದದ್ದು ಅದೇ ಮನೆ. ಅವರು ಆ ಮನೆಯ ಅಳಿಯನೂ ಆದರು. 1927ರಿಂದ ಅವರು ಕಲಿಸಿದ ಕರಿ ಅಲ್ಲಿನ ಪಟ್ಟಿಯಲ್ಲಿದೆ. ಚರಿತ್ರೆ ರೋಮಾಂಚಕ, ಕರಿ ಮಾತ್ರ ಕೋಳಿಯದು.

ಕ್ಯಾಮೆರಾ

ಕೇಳದೆ ತೆಗೆಯಬೇಡಿ. ಬಹಳ ಕಡೆ ಬೇಡವೆಂದು ಬರೆದೇ ಹಾಕಿದ್ದಾರೆ. ಕೆಲಸ ಮುಗಿಸಿ ಟೈ ಸಡಿಲಿಸಿ ಕೂತ ಗುಮಾಸ್ತನಿಗೆ ತಾನು ಇನ್ನೊಬ್ಬರ ನೆನಪಿನ ಹಿನ್ನೆಲೆ ಚಿತ್ರ ಎಂಬುದು ಗೊತ್ತಿರುವುದಿಲ್ಲ. ಇವತ್ತು ಮಧ್ಯಾಹ್ನ ಅಧಿಕಾರಿಯ ಹತ್ತಿರ ಬೈಸಿಕೊಂಡದ್ದು ಮಾತ್ರ ಅವನ ನೆನಪಲ್ಲಿದೆ.

ಸಾಮಾನ್ಯ ದೋಷಗಳು, ಪರಿಹಾರಗಳು

ದೋಷ: ಗಲ್ಲಿಯಲ್ಲಿ ಜಪಾನಿಯರಿಗಿಂತ ಪ್ರವಾಸಿಗರೇ ಹೆಚ್ಚಾಗಿ ಕಾಣುತ್ತಾರೆ.
ಪರಿಹಾರ: ಆ ಪ್ರವಾಸಿಗರಲ್ಲಿ ನೀವೂ ಒಬ್ಬರು. ಹೊರಟುಹೋದರೆ ಅನುಪಾತ ಸುಧಾರಿಸುತ್ತದೆ.

ದೋಷ: ಒಲೆಯ ಮುಂದೆ ಬಿಳಿಗೂದಲಿನ ಜಪಾನಿ ಅಜ್ಜ ಇರುತ್ತಾರೆಂದುಕೊಂಡಿದ್ದೆ. ನೇಪಾಳದ ಹುಡುಗನಿದ್ದಾನೆ.
ಪರಿಹಾರ: ಇದು ದೋಷವಲ್ಲ. ಟೋಕಿಯೋದ ಹೋಟೆಲು, ಪಾನಗೃಹಗಳು ಇಂದು ನಡೆಯುತ್ತಿರುವುದರಲ್ಲಿ ನೇಪಾಳ, ವಿಯೆಟ್ನಾಂ, ಮ್ಯಾನ್ಮಾರಿನ ಹುಡುಗ ಹುಡುಗಿಯರ ಪಾಲು ದೊಡ್ಡದು. ವಿದ್ಯಾರ್ಥಿ ವೀಸಾದವರು ವಾರಕ್ಕೆ 28 ಗಂಟೆ ದುಡಿಯಬಹುದು ಎಂಬ ಕಾನೂನಿದೆ. ಹಗಲು ಭಾಷಾಶಾಲೆ, ಸಂಜೆ ಕೆಂಡ. ಅವನು ನಿಮ್ಮ ಮುಖ ನೋಡಿ ಹಿಂದಿಯಲ್ಲಿ ಮಾತಾಡಿಸಬಹುದು. ನಿಮ್ಮದು ಹುಬ್ಬಳ್ಳಿಯ ಹಿಂದಿ, ಅವನದು ಪೋಖರಾದ್ದು. ಇಬ್ಬರಿಗೂ ಮನೆಮಾತಲ್ಲದ ನುಡಿಯಲ್ಲಿ ಜಪಾನಿನ ಕರುಳಿಗೆ ಉಪ್ಪೋ ರಸವೋ ಎಂಬುದು ತೀರ್ಮಾನವಾಗುತ್ತದೆ. ಯುದ್ಧ ಮುಗಿದ ದಿನಗಳಲ್ಲಿ ಊರುಬಿಟ್ಟು ಬಂದವರು, ಮನೆ ಸುಟ್ಟುಕೊಂಡವರು, ಕೈಯಲ್ಲಿ ಕಾಸಿಲ್ಲದವರು ಈ ಒಲೆಗಳ ಮುಂದೆ ನಿಂತದ್ದು. ಈ ಜಾಗದ ಹಳೆಯ ಪದ್ಧತಿಯನ್ನು ಆ ಹುಡುಗನಷ್ಟು ಸರಿಯಾಗಿ ಯಾರೂ ಪಾಲಿಸುತ್ತಿಲ್ಲ. ಬಿಳಿಗೂದಲಿನ ಅಜ್ಜ ಬೇಕೆನ್ನುವವರು ಮುಂದಿನ ಅಂಗಡಿ ನೋಡಿ, ಅಲ್ಲಲ್ಲಿ ಇದ್ದಾರೆ. ಮಾತು ಕಡಿಮೆ.

ದೋಷ: ನೆಟ್‌ಫ್ಲಿಕ್ಸಿನ ಮಿಡ್‌ನೈಟ್ ಡೈನರ್ ನೋಡಿ ಬಂದೆ. ಆ ಅಂಗಡಿ ಸಿಗುತ್ತಿಲ್ಲ.
ಪರಿಹಾರ: ಸಿಗುವುದಿಲ್ಲ, ಅದು ಸೆಟ್ಟು. ಆಬೆ ಯಾರೊ ಅವರ ಮಾಂಗಾದಿಂದ ಹುಟ್ಟಿದ ಆ ಧಾರಾವಾಹಿಯ ಅಡುಗೆಯವನು ಗಿರಾಕಿ ಏನು ಕೇಳಿದರೂ, ಸಾಮಾನಿದ್ದರೆ, ಮಾಡಿಕೊಡುತ್ತಾನೆ. ಅವರ ಬಾಳಿನ ಕತೆಯನ್ನೂ ಕೇಳುತ್ತಾನೆ. ಇಲ್ಲಿ ಪಟ್ಟಿಯಲ್ಲಿ ಇದ್ದದ್ದು ಮಾತ್ರ. ಕತೆ ಹೇಳಲು ಶುರು ಮಾಡಿದರೆ ಇನ್ನೊಂದು ಬಿಯರ್ ಬೇಕೇ ಎಂದು ಕೇಳುತ್ತಾರೆ.

ದೋಷ: ಬಟ್ಟೆಗೆಲ್ಲ ಹೊಗೆ ಹಿಡಿದಿದೆ.
ಪರಿಹಾರ: ಅದಕ್ಕೆ ಬೇರೆ ದರ ಹಾಕಿಲ್ಲ.

ಇತರ ಮಾದರಿಗಳು

ಮೂಲ ಮಾದರಿ ಒಗ್ಗದವರಿಗೆ ಮಾರುಕಟ್ಟೆಯಲ್ಲಿ ಸುಧಾರಿತ ಆವೃತ್ತಿಗಳಿವೆ. 1926ರಿಂದ 1989ರವರೆಗಿನ ಶೋವಾ ಕಾಲ ಜಪಾನಿನಲ್ಲಿ ಈಗ ಒಂದು ಉದ್ಯಮ. ಯುದ್ಧ, ಹಸಿವು, ಕಣ್ಣು ಕಳೆಯುವ ಸಾರಾಯಿ ಎಲ್ಲ ಅದೇ ಕಾಲದವು, ಆದರೆ ಉದ್ಯಮಕ್ಕೆ ಬೇಕಾದದ್ದು 1958ರ ಸುತ್ತಮುತ್ತಲಿನ ಒಂದು ಸಂಜೆ ಮಾತ್ರ: ಟೋಕಿಯೋ ಟವರ್ ಕಟ್ಟಿ ಮುಗಿಯುತ್ತಿದೆ, ಮನೆಗೆ ಟಿವಿ ಬರಲಿದೆ, ಎಲ್ಲರೂ ಬಡವರು, ಎಲ್ಲರೂ ನಗುತ್ತಿದ್ದಾರೆ.

ಆ ಸಂಜೆಯನ್ನು ಟಿಕೆಟ್ ಕೊಂಡು ನೋಡಬೇಕಾದರೆ ಶಿನ್-ಯೊಕೊಹಾಮಾದ ರಾಮೆನ್ ಮ್ಯೂಸಿಯಂಗೆ ಹೋಗಿ. 1994ರಲ್ಲಿ ತೆರೆದದ್ದು. ನೆಲಮಾಳಿಗೆಯಲ್ಲಿ 1958ರ ಪೇಟೆಯೊಂದನ್ನು ಕಟ್ಟಿದ್ದಾರೆ. ಮೊಮೊಫುಕು ಆಂಡೊ ಅವರ ದಿಢೀರ್ ರಾಮೆನ್ ಮಾರುಕಟ್ಟೆಗೆ ಬಂದದ್ದು ಆ ವರ್ಷ. ಚಾವಣಿಗೆ ಬಣ್ಣ ಬಳಿದು ಮಾಡಿದ ಆಕಾಶದಲ್ಲಿ ಸೂರ್ಯ ಮುಳುಗುತ್ತಲೇ ಇರುತ್ತಾನೆ, ಮುಳುಗಿದ್ದು ಇಲ್ಲ. ತುಕ್ಕು, ಬಿರುಕು, ಹರಿದ ಸಿನಿಮಾ ಪೋಸ್ಟರು ಎಲ್ಲವನ್ನೂ ನುರಿತವರಿಂದ ಮಾಡಿಸಿದ್ದು. ಒಸಾಕಾದ ಉಮೆಡಾದಲ್ಲಿ 173 ಮೀಟರ್ ಎತ್ತರದ ಸ್ಕೈ ಬಿಲ್ಡಿಂಗಿನ ತಳದಲ್ಲಿ ತಾಕಿಮಿಕೋಜಿ ಎಂಬ ಗಲ್ಲಿಯಿದೆ. ಮೇಲೆ ಆಕಾಶ ತೂರುವ ಎಸ್ಕಲೇಟರು, ಕೆಳಗೆ ಶೋವಾ ಕಾಲದ ಓಣಿ, ಕಟ್ಟಿದ್ದು ಎರಡನ್ನೂ ಒಟ್ಟಿಗೆ, 1993ರಲ್ಲಿ. ಮತ್ತೆ ಟೋಕಿಯೋಗೆ ಬಂದರೆ ಎಬಿಸು ಯೊಕೊಚೊ 2008ರದು. ಶಿಬುಯಾ ಯೊಕೊಚೊ 2020ರದು, ಹೊಸ ಮಾಲಿನ ನೆಲ ಅಂತಸ್ತಿನಲ್ಲಿ, ಮೇಲೆ ಉದ್ಯಾನವನ.

ಇವನ್ನು ನಕಲಿಯೆಂದು ಜರೆಯುವುದು ಸುಲಭ, ನನಗೆ ಅದರಲ್ಲಿ ಆಸಕ್ತಿಯಿಲ್ಲ. ಶೌಚಾಲಯ ಹೊಳೆಯುತ್ತದೆ. ಮಕ್ಕಳನ್ನು ಕರೆದೊಯ್ಯಬಹುದು. ಗಾಲಿಕುರ್ಚಿ ಓಡುತ್ತದೆ. ಎಬಿಸುವಿನಲ್ಲಿ ಶುಕ್ರವಾರ ರಾತ್ರಿ ಕಿಕ್ಕಿರಿಯುವವರು ಶೋವಾ ಮುಗಿದ ಮೇಲೆ ಹುಟ್ಟಿದ ಟೋಕಿಯೋದ ಹುಡುಗರೇ. ತಾವು ಕಾಣದ ಕಾಲವನ್ನು ಅವರು ನೆನೆಯುತ್ತ ಕೂತಿಲ್ಲ. ಮೊಣಕೈಗೆ ಮೊಣಕೈ ತಾಗಿಸಿ ಕೂತರೆ ಅಪರಿಚಿತರೊಂದಿಗೆ ಮಾತು ಹುಟ್ಟುತ್ತದೆಂದು ಕಂಡುಕೊಂಡಿದ್ದಾರೆ. ಶಿಂಜುಕುವಿನಲ್ಲಿ ಇಕ್ಕಟ್ಟು ಬಂದದ್ದು ಜಾಗ ಇಲ್ಲದ್ದರಿಂದ. ಎಬಿಸುವಿನಲ್ಲಿ ಅದನ್ನು ಅಳತೆ ಮಾಡಿ ಇಟ್ಟಿದ್ದಾರೆ. ಕೂತವರ ಮೊಣಕೈಗೆ ವ್ಯತ್ಯಾಸ ತಿಳಿಯುವುದಿಲ್ಲ. ನಕಲಿಗೆ ತರಲಾಗದ್ದು ಒಂದೇ ಕಂಡಿತು, ಬಾಡಿಗೆಯ ಲೆಕ್ಕ. ಮಾಲಿನ ಗಲ್ಲಿಯಲ್ಲಿ ಒಂದು ಕಡ್ಡಿ ಮಾಲಿನ ಬೆಲೆಯದು.

ನಿಲುಗಡೆ ಮತ್ತು ವಾರಂಟಿ

ವಾರಂಟಿ ಇಲ್ಲ. ಸುತ್ತ ಏಳುತ್ತಿರುವ ಗೋಪುರಗಳನ್ನು ನೋಡಿ ಈ ಗಲ್ಲಿ ಇನ್ನೆಷ್ಟು ದಿನವೋ ಎಂದು ನಿಟ್ಟುಸಿರು ಬಿಡುವುದು ಪ್ರವಾಸಿಗರ ವಾಡಿಕೆ. ಅದನ್ನು ಹೊರಗೆ ಬಿಡಿ, ಒಳಗೆ ಹೊಗೆ ಸಾಕಷ್ಟಿದೆ. ಎಂಟು ಸ್ಟೂಲಿನ ಅಂಗಡಿ ಉಳಿಯುವುದು ಒಂದೊಂದು ಸ್ಟೂಲಿನ ಮೇಲೆ ಒಂದು ರಾತ್ರಿಗೆ ಎಷ್ಟು ಜನ ಕೂತು ಎದ್ದರು ಎಂಬುದರ ಮೇಲೆ. ಗಲ್ಲಿಯ ಬಗ್ಗೆ ಅಭಿಮಾನವಿದ್ದರೆ ಮೂರು ಕಡ್ಡಿ, ಎರಡು ಮಗ್ಗು, ಒಂದು ಗಂಟೆಯೊಳಗೆ ಏಳುವುದು. ಇನ್ನೂ ಹಸಿವಿದ್ದರೆ ಪಕ್ಕದ ಅಂಗಡಿಗೆ ಹೋಗಿ. ಜಪಾನಿಯರು ಕುಡಿಯುವುದೂ ಹಾಗೇ, ಏಣಿಯ ಮೆಟ್ಟಿಲಿನಂತೆ ಒಂದರಿಂದ ಇನ್ನೊಂದಕ್ಕೆ.

ಎರಡು ತೋರುಬೆರಳನ್ನು ಅಡ್ಡ ಹಿಡಿದರೆ ಲೆಕ್ಕ ಬರುತ್ತದೆ. ನಗದು ಇಟ್ಟುಕೊಳ್ಳಿ, ಕಾರ್ಡು ಕೆಲವು ಕಡೆ ಮಾತ್ರ. 2024ರಿಂದ ಸಾವಿರದ ನೋಟಿನ ಮೇಲೆ ಪ್ಲೇಗಿನ ರೋಗಾಣು ಹುಡುಕಿದ ವೈದ್ಯ ಕಿತಾಸಾತೊ ಶಿಬಾಸಾಬುರೊ ಇದ್ದಾರೆ, ಹಳೆಯ ನೋಟೂ ನಡೆಯುತ್ತದೆ. ಚಿಲ್ಲರೆಯನ್ನು ಹಲಗೆಯ ಮೇಲೆ ಬಿಟ್ಟು ಹೋದರೆ ಬೆನ್ನು ಹತ್ತಿ ಬಂದು ಕೊಡುತ್ತಾರೆ, ಓಣಿ ಇಕ್ಕಟ್ಟು, ಅವರನ್ನು ಓಡಿಸಬೇಡಿ. ಗೊಚಿಸೊಸಾಮಾ, ಅಂದರೆ ಊಟಕ್ಕೆ ಧನ್ಯವಾದ, ಎಂದು ಸ್ವಲ್ಪ ಜೋರಾಗಿ ಹೇಳಿ. ಮಗ್ಗನ್ನೂ ತಟ್ಟೆಯನ್ನೂ ಹಲಗೆಯ ಮೇಲಂಚಿಗೆ ಎತ್ತಿಟ್ಟರೆ ಒಳಗಿನವರ ಒಂದು ಕೆಲಸ ಉಳಿಯುತ್ತದೆ. ಸ್ಟೂಲಿನ ಕೆಳಗಿನ ಚೀಲ ತೆಗೆದುಕೊಂಡಿರಾ? ಹಾಗಾದರೆ ಏಳಿ, ಬಟ್ಟೆಯಾಚೆ ಆಗಿನಿಂದ ಇಬ್ಬರು ನಿಂತಿದ್ದಾರೆ.